ಅಪ್ಪನ ಎಡಗೆನ್ನೆ

"ಈ ಮನೇಲಿ ಅಪ್ಪನ ಮುಖ ಎಲ್ಲಿದೆ?"

ನಾನು ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಗೋಡೆ, ಗೋಡೆಯ ಮೇಲಿದ್ದದ್ದು ಅಪ್ಪನ ಹನ್ನೊಂದು ಫೋಟೋ. ಮದುವೆಯದು, ಸ್ಟುಡಿಯೋ ತೆರೆದ ದಿನದ್ದು, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡದ್ದು, ಅಣ್ಣ ಶಾಲೆಯಲ್ಲಿ ಬಹುಮಾನ ಗೆದ್ದಾಗಿನದು. ಹನ್ನೊಂದರಲ್ಲೂ ಅಪ್ಪ ಬಲಗೆನ್ನೆಯನ್ನಷ್ಟೇ ತೋರಿಸುತ್ತ, ಆ ಕಡೆಯಿಂದ ಯಾರೋ ಕೂಗಿ ಕರೆದರೇನೋ ಎಂಬಂತೆ ನಿಂತಿದ್ದರು. ಹನ್ನೊಂದರಲ್ಲೂ, ನೋಡುವವರ ಕಣ್ಣಿಗೆ, ಅವರಿಗೆ ನಲವತ್ತೈದು ದಾಟಿರಲಿಲ್ಲ. ಕೊನೆಯದನ್ನು ತೆಗೆದಾಗ ಅವರಿಗೆ ಅರವತ್ತೆಂಟು.

ಈಗ ಎಪ್ಪತ್ನಾಲ್ಕು. ನಿನ್ನೆ ಬೆಳಿಗ್ಗೆ ಹತ್ತಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದವರು ಈ ಮಧ್ಯಾಹ್ನ ಹನ್ನೆರಡೂವರೆಯಾದರೂ ಬಂದಿರಲಿಲ್ಲ.

ಮರೆವು ಶುರುವಾಗಿ ಒಂದು ವರ್ಷವಾಗಿತ್ತು. ಅದಕ್ಕೂ ಮೊದಲು ಸಣ್ಣದೊಂದು ಪಾರ್ಶ್ವವಾಯು ಬಂದು ಹೋಗಿತ್ತು. ಅಂದಿನಿಂದ ಬೆಳಿಗ್ಗೆ ಒಂದು, ರಾತ್ರಿ ಎಂಟಕ್ಕೆ ಒಂದು ಫಿಟ್ಸ್ ತಡೆಯುವ ಮಾತ್ರೆ. ನಿನ್ನೆ ರಾತ್ರಿಯದು ತಪ್ಪಿತ್ತು, ಇವತ್ತು ಬೆಳಗಿನದೂ ತಪ್ಪಿತ್ತು. ಫೋನಿನಲ್ಲಿ ಡಾಕ್ಟರು ಸುತ್ತಿಬಳಸದೆ ಹೇಳಿದ್ದರು: "ಮೂರನೇದು ತಪ್ಪಿಸಬೇಡಿ. ರಸ್ತೆ ದಾಟುವಾಗ ಫಿಟ್ಸ್ ಬಂದರೆ ಏನಾಗತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ."

ಅಪ್ಪನ ಕಸುಬು ಟಚಪ್. ಕಂಪ್ಯೂಟರ್ ಬರುವ ಮುಂಚೆ ನೆಗೆಟಿವ್ ಮೇಲೆ, ಪ್ರಿಂಟಿನ ಮೇಲೆ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ, ಒಂದೇ ಕೂದಲಿನ ಕುಂಚದಿಂದ ಜನರ ಮುಖ ತಿದ್ದುವ ಕೆಲಸ. ಸುಕ್ಕು ಹೋಗಬೇಕು, ಮೊಡವೆ ಹೋಗಬೇಕು, ಕಣ್ಣಿನ ಕೆಳಗಿನ ಕಪ್ಪು ಹೋಗಬೇಕು; ಆದರೆ ತಿದ್ದಿದರೆಂದು ತಾಯಿಗೂ ತಿಳಿಯಬಾರದು. ಊರಿನವರು ಅವರನ್ನು ಪೆನ್ಸಿಲ್ ಮಾಸ್ತರು ಎನ್ನುತ್ತಿದ್ದರು. ಬಾಗಿಲು ಹಾಕಿಕೊಂಡು, ಸಣ್ಣ ದನಿಯಲ್ಲಿ ಪದ್ಯ ಹೇಳಿಕೊಳ್ಳುತ್ತ ಕೆಲಸ ಮಾಡುತ್ತಿದ್ದರು. ಒಂದು ಸಾಲಿಗೆ ಒಂದು ಉಸಿರು. ಉಸಿರು ನಿಂತ ಕಡೆ ಪೆನ್ಸಿಲು ಇಳಿಯುತ್ತಿತ್ತು. ನಾನು ಬಾಗಿಲ ಹೊರಗೆ ಕೂತು ಕೇಳುತ್ತಿದ್ದೆ. ಒಳಗೆ ಕರೆದು ಕಲಿಸಲಿಲ್ಲ. "ನಿನ್ನದು ಕಣ್ಣಿನ ಕೆಲಸ ಅಲ್ಲಮ್ಮ, ಕಿವಿಯ ಕೆಲಸ," ಎಂದಿದ್ದರು. ಹಾಗೇ ಆಯಿತು. ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ಇಪ್ಪತ್ತೊಂದು ವರ್ಷವಾಯಿತು.

ಮನೆಯ ಹನ್ನೊಂದು ಫೋಟೋಗಳನ್ನೂ ಅಪ್ಪ ಕೈಯಾರೆ ತಿದ್ದಿದ್ದರು. ಮೊಬೈಲ್ ಬಂದ ಮೇಲೆ ಅಣ್ಣ ಫೋನ್ ಎತ್ತಿದರೆ ಸಾಕು, ಅಪ್ಪನ ಮುಖ ಗಡಿಯಾರದ ಮುಳ್ಳಿನಂತೆ ತಿರುಗಿಬಿಡುತ್ತಿತ್ತು. ಎಡಗೆನ್ನೆ ಬಿದ್ದ ಚಿತ್ರವೇನಾದರೂ ಕಂಡರೆ, "ಕೊಡಿಲ್ಲಿ" ಎಂದು ಇಸಿದುಕೊಂಡು ಅಳಿಸಿಯೇ ಹಿಂದಿರುಗಿಸುತ್ತಿದ್ದರು. ಗುರುತಿನ ಚೀಟಿಯಲ್ಲಿದ್ದ ಅಂಚೆಚೀಟಿಯಷ್ಟಗಲದ ಕಪ್ಪು ಮುದ್ದೆಯಲ್ಲಿ ಅಪ್ಪನೂ ಒಂದೇ, ಕಬ್ಬಿಣದ ಬಾಣಲೆಯೂ ಒಂದೇ.

ನಿನ್ನೆ ಸಂಜೆ ಅಣ್ಣ ಪೊಲೀಸ್ ಠಾಣೆಗೆ ಕೊಟ್ಟದ್ದು ಗೋಡೆಯ ಹನ್ನೊಂದನೆಯ ಫೋಟೋ. ಅರ್ಜಿಯಲ್ಲಿ 'ಮುಖದ ಮೇಲಿನ ಗುರುತು' ಎಂಬ ಕಡೆ 'ಇಲ್ಲ' ಎಂದು ಬರೆದಿದ್ದ.

ಅರ್ಧ ಗಂಟೆಯ ಹಿಂದೆ ಒಬ್ಬ ಬಸ್ ಕಂಡಕ್ಟರ್ ಫೋನ್ ಮಾಡಿದ್ದರು.

"ನಿನ್ನೆ ಸಂಜೆ ನನ್ನ ಬಸ್ಸಲ್ಲಿ ಒಬ್ಬ ಯಜಮಾನರು ಕೊನೇ ಸ್ಟಾಪ್ ತನಕ ಬಂದ್ರು. ಎಲ್ಲಿಗೆ ಅಂದ್ರೆ ಸ್ಟುಡಿಯೋಗೆ ಅಂದ್ರು. ಅಷ್ಟೊತ್ತಿಗೆ ಕಾಣೆಯಾಗಿದ್ದಾರೆ ಅನ್ನೋ ನಿಮ್ಮ ಕಾಗದ ನಮ್ಮ ವಾಟ್ಸಾಪ್ ಗ್ರೂಪಿಗೆ ಬಂದಿತ್ತು. ಫೋನನ್ನ ಅವರ ಪಕ್ಕ ಹಿಡಿದು ನೋಡಿದೆ. ಇವರಲ್ಲ ಅಂತ ಬಿಟ್ಟೆ."

"ಯಾಕೆ ಬಿಟ್ರಿ?" ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಫೋಟೋದಲ್ಲಿರೋರು ನನ್ನ ವಯಸ್ಸಿನೋರು ಮೇಡಂ. ಇವರಿಗೋ ಎಡಗೆನ್ನೆ ಪೂರ್ತಿ ಸುಟ್ಟ ಗುರುತು. ನಿಮ್ಮ ಕಾಗದದಲ್ಲಿ ಗುರುತು ಇಲ್ಲ ಅಂತಿದೆ. ಇವತ್ತು ಊಟಕ್ಕೆ ಕೂತಾಗ 'ಕಸುಬು: ಫೋಟೋ ಸ್ಟುಡಿಯೋ' ಅಂತ ಇನ್ನೊಂದ್ಸಲ ಕಣ್ಣಿಗೆ ಬಿತ್ತು. ಮನಸ್ಸು ತಡೀಲಿಲ್ಲ."

ಅಣ್ಣನಿಗೆ ಫೋನ್ ಮಾಡಿದೆ. ಅವನು ಸ್ಕೂಟರಿನಲ್ಲಿ ಬೀದಿಬೀದಿ ಸುತ್ತುತ್ತಿದ್ದ.

"ಗುರುತು ಇಲ್ಲ ಅಂತ ಯಾಕೆ ಬರೆದೆ?"

ಅವನು ಸ್ಕೂಟರನ್ನು ರಸ್ತೆಯ ಬದಿಗೆ ನಿಲ್ಲಿಸಿದ ಸದ್ದು. ಆಮೇಲೆ, "ಗುರುತು ಅಂದ್ರೆ ಮಚ್ಚೆ ಗಿಚ್ಚೆ ಅಂದ್ಕೊಂಡೆ ಕಣೇ. ಅದು... ಅದು ಅಪ್ಪನ ಮುಖ ಅಲ್ವಾ? ಗುರುತು ಅಂತ ಹೊಳೀಲೇ ಇಲ್ಲ."

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಆ ಗಾಯದ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿದವರಲ್ಲ. ಅರ್ಜಿ ನನ್ನ ಕೈಯಲ್ಲಿದ್ದಿದ್ದರೆ ನಾನೂ 'ಇಲ್ಲ' ಎಂದೇ ಬರೆಯುತ್ತಿದ್ದೆನೋ ಏನೋ.

ಠಾಣೆಗೆ ಫೋನ್ ಮಾಡಿ ತಿದ್ದಿಸಿದೆ. ಅಲ್ಲಿನ ಹೆಡ್ ಕಾನ್‌ಸ್ಟೇಬಲ್ ಕೆಟ್ಟವರಲ್ಲ, ದಣಿದವರು. "ಅಕ್ಷರ ಯಾರೂ ಓದಲ್ಲಮ್ಮ. ಫೋಟೋ ನೋಡ್ತಾರೆ, ಮುಂದಕ್ಕೆ ಹೋಗ್ತಾರೆ. ಈಗ ಹೇಗಿದಾರೋ ಹಾಗಿರೋ ಫೋಟೋ ಕೊಡಿ. ಐದು ಗಂಟೆಗೆ ಬಸ್ ನಿಲ್ದಾಣ, ರೈಲು ನಿಲ್ದಾಣ ಎಲ್ಲ ಕಡೆ ಪಾಳಿ ಬದಲಾಗತ್ತೆ. ಅದಕ್ಕೆ ಮುಂಚೆ ಬಂದರೆ ಹೊಸ ಪಾಳಿಯ ಅಷ್ಟೂ ಜನರ ಕೈಗೆ ಹೋಗತ್ತೆ. ತಪ್ಪಿದರೆ ನಾಳೆ ಬೆಳಿಗ್ಗೇನೇ."

ನಾಳೆ ಬೆಳಿಗ್ಗೆಗೆ ಮುಂಚೆ ರಾತ್ರಿ ಎಂಟು ಇತ್ತು.

ಈಗ ಹೇಗಿದ್ದಾರೋ ಹಾಗಿರುವ ಫೋಟೋ ಇಲ್ಲದ ಮೇಲೆ ಮಾಡಬೇಕು. ಅಪ್ಪ ತೆಗೆದದ್ದನ್ನೆಲ್ಲ ನಾನು ಮರಳಿ ಹಾಕಬೇಕು. ಅಣ್ಣನ ಲ್ಯಾಪ್‌ಟಾಪ್ ತೆರೆದು ಕೂತೆ. ಜನ್ಮದಲ್ಲಿ ಒಂದು ಫೋಟೋದ ಅಂಚು ಕತ್ತರಿಸಿದವಳೂ ನಾನಲ್ಲ.

ನಮ್ಮ ಸೋದರತ್ತೆ, ಅಂದರೆ ಅಪ್ಪನ ತಂಗಿ, ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ನಿನ್ನೆಯಿಂದ ದೇವರ ಹೆಸರು ಹೇಳುತ್ತಲೇ ಇದ್ದರು. ನಡುನಡುವೆ ಅದೇ ಉಸಿರಿನಲ್ಲಿ ಅಪ್ಪನನ್ನು ಬೈಯುತ್ತಲೂ ಇದ್ದರು.

ಆಸ್ಪತ್ರೆಯ ಎಕ್ಸ್-ರೇ ವಿಭಾಗದವನನ್ನು ಕೇಳಿದರೆ, "ಅಕ್ಕಾ, ದೊಡ್ಡೋರೆಲ್ಲ ಬಳಸೋದು ಒಂದಿದೆ, ಅದನ್ನೇ ಹಾಕ್ಕೊಳ್ಳಿ. ಅದರಲ್ಲಿ ಆಗದ್ದು ಇಲ್ಲ," ಎಂದು ಹೆಸರು ಹೇಳಿದ. ಇಳಿಸಿಕೊಳ್ಳಲು ಮುಕ್ಕಾಲು ಗಂಟೆ ಹಿಡಿಯಿತು. ಅದು ಏಳು ದಿನ ಬಿಟ್ಟಿ. ನನಗೆ ಬೇಕಾದದ್ದು ನಾಲ್ಕು ಗಂಟೆ. ತೆರೆದರೆ ವಿಮಾನ ಓಡಿಸುವವನ ಕೋಣೆ. ಎಡಕ್ಕೆ ಮೂವತ್ತು ಚಿಹ್ನೆ, ಬಲಕ್ಕೆ ಪಟ್ಟಿಯ ಮೇಲೆ ಪಟ್ಟಿ, ಮೇಲೆ ಇನ್ನೊಂದು ಸಾಲು. ಒಂದನ್ನು ಒತ್ತಿದೆ, ಅಪ್ಪನ ಫೋಟೋ ಕಪ್ಪುಬಿಳುಪಾಯಿತು. ಇನ್ನೊಂದನ್ನು ಒತ್ತಿದೆ, ಫೋಟೋನೇ ಮಾಯ.

"ಅಯ್ಯೋ, ಇಲ್ಲೂ ಕಳೆದುಹೋದನಾ?" ಎಂದರು ಅತ್ತೆ.

ನಗಲು ಹೊತ್ತಿರಲಿಲ್ಲ. ಗಂಟೆ ಒಂದೂಮುಕ್ಕಾಲು. ಅದನ್ನು ಮುಚ್ಚಿದೆ.

ಮೊಬೈಲಿನಲ್ಲಿ 'ಹೊಸಬರಿಗೆ ಸುಲಭ' ಎಂಬುದೊಂದನ್ನು ಹಾಕಿಕೊಂಡೆ. ಸುಲಭವೇನೋ ಹೌದು. ಜಾಹೀರಾತು ಮುಗಿಯಿತು ಎನ್ನುವಷ್ಟರಲ್ಲಿ ಅಪ್ಪನ ಫೋಟೋ ಬಂತು. ಬರುವಾಗಲೇ ಇನ್ನಷ್ಟು ಎಳೆಯದಾಗಿ ಬಂತು. ನಾನು ಏನೂ ಮುಟ್ಟಿರಲಿಲ್ಲ. ಅದೇ ತಾನಾಗಿ ಚರ್ಮ ನಯ ಮಾಡಿ, ತುಟಿಗೆ ಬಣ್ಣ ಹಚ್ಚಿ, ಕಣ್ಣು ಅರಳಿಸಿತ್ತು. ಸುಕ್ಕು ತೆಗೆಯಲು ಒಂಬತ್ತು ಬಗೆ, ಸುಕ್ಕು ಹಾಕಲು ಒಂದೂ ಇಲ್ಲ. ಬೇಕಿದ್ದರೆ ಬೆಕ್ಕಿನ ಕಿವಿ ಅಂಟಿಸಬಹುದಿತ್ತು.

"ಎಲ್ಲರೂ ತೆಗೆಯೋರೇ," ಎಂದರು ಅತ್ತೆ. "ನಿಮ್ಮಪ್ಪನ ವಂಶ ಬೆಳೆದಿದೆ ನೋಡು."

ಮೂರನೆಯದು ಏನನ್ನೂ ಕಲಿಯಬೇಕಾಗಿಲ್ಲದ್ದು. ಬೇಕಾದದ್ದನ್ನು ಬರೆದು ಹೇಳಿದರೆ ತಾನೇ ಮಾಡಿಕೊಡುತ್ತದಂತೆ. 'ಎಪ್ಪತ್ನಾಲ್ಕು ವರ್ಷ. ಎಡಗೆನ್ನೆಯಲ್ಲಿ ಹಳೆಯ ಸುಟ್ಟ ಗಾಯ. ತಲೆಯಲ್ಲಿ ಕೂದಲು ಕಡಿಮೆ. ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದಿದೆ' ಎಂದು ಬರೆದೆ. ಇಪ್ಪತ್ತು ಎಣಿಸುವಷ್ಟರಲ್ಲಿ ಪರದೆಯ ಮೇಲೆ ಒಬ್ಬ ಮುದುಕ ಬಂದು ನಮ್ಮನ್ನು ನೋಡಿದ. ಒಂದೊಂದು ಸುಕ್ಕೂ ನಿಜ. ಗಾಯ ನಿಜ. ಕಣ್ಣಿನಲ್ಲಿ ನೀರಿತ್ತೇನೋ ಎನ್ನುವಷ್ಟು ನಿಜ.

ಅತ್ತೆ ಎದೆ ಹಿಡಿದುಕೊಂಡರು. "ಇವನೇ ಕಣೇ! ನಮ್ಮಣ್ಣನೇ! ಕಳಿಸು, ಮೊದಲು ಕಳಿಸು!"

ಠಾಣೆಯ ನಂಬರ್ ತೆಗೆದೆ. ಚಿತ್ರ ಸೇರಿಸಿದೆ. ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳು ಇಳಿಯಬೇಕು, ಅಷ್ಟರಲ್ಲಿ ಅವನ ಕಿವಿ ನೋಡಿದೆ.

ಅಪ್ಪನಿಗೆ ಒಂದು ಕಿವಿ ಮಂದ. ದಿನಕ್ಕೆ ಹತ್ತು ಸಲ ಇನ್ನೊಂದರ ಹತ್ತಿರ ಬಾಗಿ ಮಾತಾಡುವವಳು ನಾನು. ಅಪ್ಪನ ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡೇ ಇದೆ. ಇವನದು ಜೋತುಬಿದ್ದಿತ್ತು. ಕಿವಿಯಿಂದ ಕೆಳಗೆ ಬಂದೆ: ಗದ್ದ ಅಪ್ಪನದಲ್ಲ. ಮೂಗು ಅಪ್ಪನದಲ್ಲ. ಯಾವನೋ ಪುಣ್ಯಾತ್ಮ, ಎಲ್ಲೂ ಹುಟ್ಟದವನು, ನಮ್ಮಪ್ಪನ ಗಾಯ ಹೊತ್ತುಕೊಂಡು ಕೂತಿದ್ದ.

"ಅತ್ತೇ, ಇದು ಅಪ್ಪ ಅಲ್ಲ."

"ಇನ್ಯಾರು ಮತ್ತೆ?"

"ಯಾರೂ ಅಲ್ಲ."

ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಒಡಹುಟ್ಟಿದವನೆಂದು ಕೂಗಿದ್ದಕ್ಕೆ ನಾಚಿಕೆಯಾಯಿತೋ ಭಯವಾಯಿತೋ, ಸೆರಗಿನಿಂದ ಪರದೆಯನ್ನೇ ಒರೆಸಿದರು. ಗಂಟೆ ಎರಡೂವರೆ.

ಬೀದಿಯ ತುದಿಯಲ್ಲಿ ಜೆರಾಕ್ಸ್ ಅಂಗಡಿಯಿದೆ. ಅದರ ಒಡತಿ ನನಗಿಂತ ಹತ್ತು ವರ್ಷ ಚಿಕ್ಕವಳು, ಆದರೂ ಬೀದಿಗೆಲ್ಲ ಜೆರಾಕ್ಸ್ ಅಕ್ಕ. ನಾನೂ ಅತ್ತೆಯೂ ಓಡಿಕೊಂಡೇ ಹೋದೆವು. ಆಕೆ ಯಾರದೋ ಅರ್ಜಿಗೆ ಸ್ಟೇಪಲ್ ಹೊಡೆಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಎಷ್ಟು ದಿನದಿಂದ ಎಡಿಟಿಂಗ್ ಕಲೀತಿದೀರಾ?"

"ಹನ್ನೆರಡೂವರೆಯಿಂದ."

ಸ್ಟೇಪಲರ್ ನಿಂತಿತು. ಆಕೆ ಉಳಿದ ಗಿರಾಕಿಗಳಿಗೆ, "ನಾಳೆ ಬನ್ನಿ," ಎಂದು ಹೇಳಿ ಅಂಗಡಿಯ ಬಾಗಿಲನ್ನು ಅರ್ಧ ಎಳೆದಳು.

"ನೀವೇ ಮಾಡಿಕೊಡೋದಕ್ಕೆ ಆಗಲ್ವಾ?" ಎಂದೆ.

"ನಿಮ್ಮ ತಂದೇನ ದಿನಾ ನೋಡ್ತೀನಿ. ಬರುವಾಗ ಮುಖ ಆ ಕಡೆ ತಿರುಗಿಸಿಕೊಂಡೇ ಬರ್ತಾರೆ, ನನಗೆ ಕಾಣೋದು ಬಲಗೆನ್ನೆ ಮಾತ್ರ. ಎಡಗಡೆ ಏನಿದೆ ಅಂತ ನೀವು ಹೇಳಿದ ಮೇಲೇ ಗೊತ್ತಾಗಿದ್ದು. ಕಾಣದ್ದನ್ನ ಹೇಗೆ ಬರೀಲಿ? ಕೈ ನಿಮ್ಮದೇ ಆಗಬೇಕು."

ಆಕೆಯ ಕಂಪ್ಯೂಟರಿನಲ್ಲಿದ್ದದ್ದು ಹಳೆಯದೊಂದು ಸಾದಾ ಪ್ರೋಗ್ರಾಂ. ಬೂದು ಬಣ್ಣ, ಚಂದವೂ ಇಲ್ಲ, ಚಮತ್ಕಾರವೂ ಇಲ್ಲ.

"ಇದು ಕೆಲಸಕ್ಕೆ ಬರತ್ತಾ?" ಅತ್ತೆಗೆ ಅನುಮಾನ.

"ಹೊಸಬರಿಗೆ ಇದೇ ಸರಿ ಅಮ್ಮಾ. ಇದು ತಾನಾಗಿ ಏನೂ ಮಾಡಲ್ಲ. ಹೇಳಿದಷ್ಟೇ ಮಾಡತ್ತೆ, ಒಳ್ಳೇ ಆಳಿನ ಥರ. ತಪ್ಪಿದರೆ ಈ ಬಾಣ ಒತ್ತಿ, ಒಂದು ಹೆಜ್ಜೆ ಹಿಂದಕ್ಕೆ ಹೋಗತ್ತೆ. ಇನ್ನು ಇದು ಲೇಯರ್. ಅಂದ್ರೆ ಫೋಟೋ ಮೇಲೆ ಒಂದು ಗಾಜಿನ ಹಾಳೆ ಇಟ್ಟ ಹಾಗೆ. ನೀವು ಬರೆಯೋದೆಲ್ಲ ಗಾಜಿನ ಮೇಲೆ. ಕೆಳಗಿನ ಫೋಟೋಗೆ ಏನೂ ಆಗಲ್ಲ."

ಅಪ್ಪನ ಮೇಜಿನ ಮೇಲೆ ಅಂಥದೇ ಒಂದು ಗಾಜಿನ ತುಂಡಿತ್ತು. ಪ್ರಿಂಟಿಗೆ ಕುಂಚ ತಾಗಿಸುವ ಮುಂಚೆ ಅದರ ಮೇಲೆ ಬಣ್ಣ ಹಚ್ಚಿ ನೋಡುತ್ತಿದ್ದರು. ಹನ್ನೆರಡೂವರೆಯಿಂದಿನ ದಡಬಡದಲ್ಲಿ ಅರ್ಥವಾದ ಮೊದಲ ಮಾತು ಇದು.

ಮೊದಲು ಫೋಟೋವನ್ನು ಮಗುಚಿ ಹಾಕಿದೆವು; ಕನ್ನಡಿಯಲ್ಲಿ ಕಂಡಂತೆ ಬಲಗೆನ್ನೆ ಎಡಗೆನ್ನೆಯಾಯಿತು. ಕೂದಲಿನ ಬೈತಲೆ ತಿರುಗುಮುರುಗಾಯಿತು. ಈಗ ಬೈತಲೆ ತೆಗೆಯುವಷ್ಟು ಕೂದಲೇ ಅಪ್ಪನಿಗಿಲ್ಲ, ಅದನ್ನು ಒರೆಸಿದೆ. ಒರೆಸುವುದು ಬೇಗ ಬರುತ್ತದೆ. ಕಷ್ಟವಿದ್ದದ್ದು ಮುಂದೆ.

"ಗಾಯ ಎಲ್ಲಿಂದ ಎಲ್ಲಿಗಿದೆ?" ಜೆರಾಕ್ಸ್ ಅಕ್ಕ ಕೇಳಿದಳು.

"ಕಣ್ಣಿನ ಕೆಳಗಿಂದ ತುಟಿ ತನಕ," ಎಂದೆ ನಾನು.

"ಎಲ್ಲೇ! ಕಿವಿಯಿಂದ ಗದ್ದದ ತನಕ," ಎಂದರು ಅತ್ತೆ. "ನಾನು ಕಣ್ಣಾರೆ ನೋಡಿದವಳು. ಪ್ರಿಂಟು ಒಣಗಿಸೋ ಉರುಳೆ ಕೆಂಡವಾಗಿತ್ತು, ಜಾರಿ ಅದಕ್ಕೇ ಕೆನ್ನೆ ಕೊಟ್ಟ. ಆಗ ಅವನಿಗೆ ಇಪ್ಪತ್ತಾರು. ಮೂರು ತಿಂಗಳು ಮನೆಯಿಂದ ಈಚೆ ಬರಲಿಲ್ಲ."

"ಆಗಿನದು ಅತ್ತೆ. ಈಗ ಎಷ್ಟಿದೆ?"

ಅತ್ತೆ ತಮ್ಮ ಕೆನ್ನೆಯ ಮೇಲೇ ಬೆರಳಾಡಿಸಿ ನೋಡಿ ಕೈಬಿಟ್ಟರು. ನಾನು ಕಣ್ಣು ಮುಚ್ಚಿ ನೋಡಿದೆ. ಬರಲಿಲ್ಲ. ಬೆಳಿಗ್ಗೆ ಎದ್ದರೆ ಕಾಣುವ ಮುಖ, ಊಟಕ್ಕೆ ಎದುರು ಕೂರುವ ಮುಖ. ಕಣ್ಣಿಗೆ ಬಂದದ್ದು ಗೋಡೆಯ ಹನ್ನೊಂದು ಫೋಟೋ. ಹೆತ್ತ ತಂದೆಯ ಕೆನ್ನೆಯೊಂದು ನನಗೆ ಗೊತ್ತಿರಲಿಲ್ಲ. ಗೋಡೆಯ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಕೈ ಮೌಸಿನ ಮೇಲೇ ಇತ್ತು.

ಆಮೇಲೆ ಕೈಗೇ ನೆನಪಾಯಿತು. ಪಾರ್ಶ್ವವಾಯುವಾದಂದಿನಿಂದ ಅಪ್ಪನಿಗೆ ದಿನ ಬಿಟ್ಟು ದಿನ ಗಡ್ಡ ಹೆರೆಯುವವಳು ನಾನು. ಸುಟ್ಟ ಕಡೆ ಗಡ್ಡ ಬೆಳೆಯುವುದಿಲ್ಲ. ಅಲ್ಲಿ ರೇಜರ್ ಸುತ್ತಿಕೊಂಡು ಹೋಗಬೇಕು. ಕಿವಿಯ ಬುಡದಿಂದ ಕೆಳಗೆ ಎರಡು ಬೆರಳು ನೇರ, ಅಲ್ಲಿ ಒಂದು ಉಬ್ಬು, ಉಬ್ಬು ದಾಟಿ ಒಳಕ್ಕೆ ತಿರುಗಿ ಮೂಗಿನ ಪಕ್ಕದವರೆಗೆ, ಅಲ್ಲಿಂದ ಬಾಯಿಯ ಮೂಲೆಗೆ ಬಾರದೆ ಮರಳಿ ಗದ್ದದ ಮೂಳೆಗೆ.

"ಉಜ್ಜಿ ಬರೆಯಬೇಡಿ, ಮೆಲ್ಲಗೆ," ಎಂದಳು ಜೆರಾಕ್ಸ್ ಅಕ್ಕ. "ಒಂದೊಂದೇ ಎಳೆ."

ರೇಜರ್ ಹಿಡಿದಂತೆ ಮೌಸ್ ಹಿಡಿದೆ. ಬಾಗಿಲ ಹೊರಗೆ ಕೂತು ಕೇಳಿದ ಪದ್ಯದ ಸಾಲುಗಳನ್ನು ಬಾಯೊಳಗೇ ಹೇಳಿಕೊಂಡೆ. ಒಂದು ಸಾಲು, ಒಂದು ಉಸಿರು, ಒಂದು ಎಳೆ. ಏಳು ಸಲ ಬಾಣ ಒತ್ತಿ ಹಿಂದಕ್ಕೆ ಹೋದೆ. ಎಂಟನೆಯ ಸಲ ಅತ್ತೆ, "ಹಾಂ," ಎಂದರು.

ಬಣ್ಣ ಗೊತ್ತಾಗಲಿಲ್ಲ. ಅಣ್ಣನದು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವ ಕೆಲಸ. ಫೋನಿನಲ್ಲೇ ಕೇಳಿದೆ. ಯೋಚಿಸಲೇ ಇಲ್ಲ ಅವನು. "ಸುತ್ತಲ ಚರ್ಮಕ್ಕಿಂತ ಒಂದು ಶೇಡ್ ತಿಳಿ, ಅಂಚಲ್ಲಿ ಸ್ವಲ್ಪ ಇಟ್ಟಿಗೆ ಬಣ್ಣ. ಹೊಳಪಿರಬೇಕು ಕಣೇ, ಆಯಿಲ್ ಪೇಂಟ್ ಥರ." ಆಮೇಲೆ ದನಿ ಇಳಿಸಿದ. "ಇಷ್ಟೆಲ್ಲ ಗೊತ್ತಿದ್ದೂ ಇಲ್ಲ ಅಂತ ಬರೆದ್ನಲ್ಲೇ ನಾನು."

"ಆಮೇಲೆ ಅಳುವಿಯಂತೆ. ಈಗ ಹುಡುಕು," ಎಂದೆ.

ಸುಕ್ಕು ಉಳಿದಿತ್ತು. ನಾನು ಗೆರೆ ಎಳೆದರೆ ಅದು ಒಡೆದ ತಟ್ಟೆಯಂತೆ ಕಾಣುತ್ತಿತ್ತು. ಗಂಟೆ ನಾಲ್ಕಾಗಿತ್ತು. ಜೆರಾಕ್ಸ್ ಅಕ್ಕ ನನ್ನನ್ನು ಬಿಟ್ಟು ಅತ್ತೆಯ ಮುಖವನ್ನೇ ದಿಟ್ಟಿಸುತ್ತಿದ್ದಳು.

"ಅಮ್ಮಾ, ನೀವು ಅವರ ಒಡಹುಟ್ಟಿದ ತಂಗೀನಾ?"

"ಸಂಶಯವೇನಮ್ಮಾ? ಅದೇ ಹಣೆ, ಅದೇ ಹಠ."

"ನಿಮ್ಮ ಮುಖದ್ದೊಂದು ಫೋಟೋ ತೆಗೀಲಾ? ನಿಮ್ಮ ಸುಕ್ಕನ್ನ ಇನ್ನೊಂದು ಲೇಯರಿನಲ್ಲಿ ಅವರ ಮೇಲೆ ಹೊದಿಸೋಣ."

ಅತ್ತೆ ಕನ್ನಡಕ ತೆಗೆದು, ಗಲ್ಲ ಮುಂದೆ ಚಾಚಿ ಕೂತರು. "ತಗೋ. ಬೇಕಾದಷ್ಟಿದೆ. ಬದುಕಲ್ಲಿ ಅವನಿಗೆ ಏನೂ ಕೊಟ್ಟವಳಲ್ಲ ನಾನು, ಇದಾದರೂ ಹೋಗಲಿ."

ಅತ್ತೆಯ ಹಣೆ ಅಪ್ಪನ ಹಣೆಯ ಮೇಲೆ ಕೂತಿತು. ಕಣ್ಣಂಚಿನ ಗೆರೆಗಳು ತಮ್ಮ ಮನೆಗೇ ಬಂದಂತೆ ಬಂದು ಸೇರಿದವು. ಎಡರೆಪ್ಪೆಯನ್ನು ಕೂದಲೆಳೆಯಷ್ಟು ಕೆಳಗೆ ಎಳೆದೆ. ಎಳೆದ ಕ್ಷಣ ಮೂವರೂ ಹಿಂದಕ್ಕೆ ಸರಿದೆವು. ಚೆನ್ನಾಗಿರಲಿಲ್ಲ, ಕತ್ತಿನ ಹತ್ತಿರ ಬಣ್ಣ ಕೂಡಿರಲಿಲ್ಲ, ಗಾಯದ ಅಂಚು ಒರಟಾಗಿತ್ತು. ಆದರೆ ಅಲ್ಲಿದ್ದವರು ಅಪ್ಪ.

ನಾಲ್ಕೂ ನಲವತ್ತಕ್ಕೆ ಉಳಿಸಿ ಕಳಿಸಿದೆ. ನಾಲ್ಕೂ ನಲವತ್ತೇಳಕ್ಕೆ ಠಾಣೆಯಿಂದ ಫೋನ್.

"ಏನು ಕಳಿಸಿದೀರಮ್ಮಾ? ಇದು ತೆರೀತಾನೇ ಇಲ್ಲ."

ಜೆರಾಕ್ಸ್ ಅಕ್ಕ ಪರದೆ ನೋಡಿ ಹಣೆ ಚಚ್ಚಿಕೊಂಡಳು. "ಲೇಯರ್ ಸಮೇತ ಉಳಿಸಿಬಿಟ್ಟಿದೀರಾ! ಅದು ಈ ಪ್ರೋಗ್ರಾಂ ಇದ್ದೋರಿಗೆ ಮಾತ್ರ ತೆರೆಯೋದು. ಸರೀರಿ." ಆಕೆಯ ಬೆರಳು ಓಡಿದವು. ಎಲ್ಲ ಗಾಜುಗಳೂ ಒಂದಾಗಿ ಸಾದಾ ಫೋಟೋ ಆಯಿತು. ಮತ್ತೆ ಕಳಿಸಿದೆವು. ಹೋಗುವ ಗುರುತಿನ ಸಣ್ಣ ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಅತ್ತೆಯ ಜಪ ನಿಂತುಹೋಗಿತ್ತು.

ನಾಲ್ಕೂ ಐವತ್ತಾರಕ್ಕೆ ಹೆಡ್ ಕಾನ್‌ಸ್ಟೇಬಲ್ ಅವರ ಉತ್ತರ ಬಂತು: 'ಬಂತು. ಕಳಿಸ್ತಿದೀವಿ.'

ಆಮೇಲೆ ಮಾಡಲು ಏನೂ ಇರಲಿಲ್ಲ. ನಾನು ಇಪ್ಪತ್ತೊಂದು ವರ್ಷ ಫೋನ್ ಎತ್ತಿದವಳು. ಬಾರದ ಫೋನನ್ನು ಹಾಗೆ ಎಂದೂ ಕೇಳಿಸಿಕೊಂಡಿರಲಿಲ್ಲ. ಐದೂಕಾಲು. ಐದೂವರೆ. ಆರಕ್ಕೆ ಮೂರು ನಿಮಿಷವಿರುವಾಗ ಅದು ಹೊಡೆದುಕೊಂಡಿತು.

ಹೆಂಗಸಿನ ದನಿ. "ನಾನು ಬಸ್ ನಿಲ್ದಾಣದಲ್ಲಿ ನೆಲ ಒರೆಸೋಳು. ಐದರ ಪಾಳಿಗೆ ಬಂದು ಈಗ ಈ ಕಡೆ ಒರೆಸ್ತಿದ್ದೆ. ನಿಮ್ಮ ಫೋಟೋದಲ್ಲಿರೋ ತಾತ ಇಲ್ಲೇ ಕಂಬದ ಹಿಂದೆ ಕೂತಿದಾರೆ. ಅದೇ ಕೆನ್ನೆ. ಏನು ಕೇಳಿದ್ರೂ ಸ್ಟುಡಿಯೋ ಬಾಗಿಲು ತೆಗೀಬೇಕು ಅಂತಾರೆ. ಕೈ ನಡುಗ್ತಾ ಇದೆ, ಬೇಗ ಬನ್ನಿ."

ಅಣ್ಣ ಸ್ಕೂಟರ್ ಓಡಿಸಿದ ಬಗೆಯನ್ನು ಹೇಳದಿರುವುದೇ ಲೇಸು. ನಾನು ಹಿಂದೆ ಕೂತು ಒಂದು ಕೈಯಲ್ಲಿ ಮಾತ್ರೆಯ ಡಬ್ಬಿ, ಇನ್ನೊಂದರಲ್ಲಿ ನೀರಿನ ಬಾಟಲಿ ಹಿಡಿದಿದ್ದೆ; ಹಿಡಿದುಕೊಳ್ಳಲು ಮೂರನೆಯ ಕೈ ಇರಲಿಲ್ಲ. ಆರೂ ನಲವತ್ತಕ್ಕೆ ತಲುಪಿದೆವು. ಅಪ್ಪ ಕಂಬಕ್ಕೆ ಎಡಗೆನ್ನೆ ಆನಿಸಿಕೊಂಡು ಕೂತಿದ್ದರು. ಆ ಹೆಂಗಸು ಒರೆಸುವ ಕೋಲನ್ನು ಅಡ್ಡ ಹಿಡಿದು, ಯಾರೂ ಹತ್ತಿರ ಸುಳಿಯದಂತೆ ನಿಂತಿದ್ದಳು.

ಬೆಂಚಿನ ಮೇಲೆ ಆಕೆ ತಂದಿಟ್ಟ ಬ್ರೆಡ್ಡು ಅರ್ಧ ಖಾಲಿಯಾಗಿತ್ತು. ಮಾತ್ರೆ ಬಾಯಿಗಿಟ್ಟೆ. ಗಂಟಲಿನ ಉಬ್ಬು ಏರಿ ಇಳಿಯುವುದನ್ನು ನಾನೂ ಅಣ್ಣನೂ ಉಸಿರು ಹಿಡಿದು ನೋಡಿದೆವು. ಮಾತ್ರೆ ಇಳಿಯಿತು. ಅಣ್ಣ ಗೋಡೆಯ ಕಡೆ ತಿರುಗಿ ನಿಂತ. ಅವನ ಬೆನ್ನು ಅಲುಗುತ್ತಿತ್ತು.

"ಯಾಕೆ ಇಷ್ಟು ತಡ?" ಎಂದರು ಅಪ್ಪ, ನಾವೇ ಕಳೆದುಹೋದವರೆಂಬಂತೆ.

ನೆಲ ಒರೆಸುವಾಕೆ ಹೆಮ್ಮೆಯಿಂದ ಫೋನ್ ಮುಂದೆ ಹಿಡಿದಳು. "ನೋಡಿ ತಾತಾ, ಇದರಿಂದಾನೇ ನಿಮ್ಮನ್ನ ಗುರುತು ಹಿಡಿದಿದ್ದು."

ಅಪ್ಪ ಫೋನ್ ಇಸಿದುಕೊಂಡರು. ಕೈ ನಡುಗುತ್ತಿತ್ತು, ಕಣ್ಣು ಮಾತ್ರ ನಡುಗಲಿಲ್ಲ. ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿದರು.

"ಯಾರು ಮಾಡಿದ್ದು ಇದನ್ನ?"

"ನಾನು ಅಪ್ಪಾ."

"ಮಗುಚಿದೀಯ. ಅಂಗಿ ಗುಂಡಿ ನೋಡು, ಹೆಂಗಸರ ಕಡೆಗೆ ಬಂದಿದೆ." ಇನ್ನೂ ಹತ್ತಿರ ಹಿಡಿದರು. "ಕತ್ತಿನ ನೆರಳು ತಪ್ಪಿದೆ. ಹಣೆ ಯಾರದೋ ತಂದು ಹಾಕಿದೀಯ. ಅಂಚು ಕಾಣದ ಹಾಗೆ ಸಾಯಿಸೋದು ಗೊತ್ತಿಲ್ಲ ನಿನಗೆ." ಫೋನನ್ನು ಕಣ್ಣಿನಿಂದ ದೂರ ಹಿಡಿದರು. "ಪಾಪ, ಯಾರೋ ಮುದುಕ. ಮನೆಯವರು ಹುಡುಕ್ತಿರಬೇಕು."

ಅಣ್ಣ ಇತ್ತ ತಿರುಗಿದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅಪ್ಪನ ಹೆಬ್ಬೆರಳು ಪರದೆಯ ಮೇಲಿನ ಗಾಯದ ಅಂಚಿನುದ್ದಕ್ಕೂ ಮೆಲ್ಲಗೆ ಸಾಗಿತು. ಕಿವಿಯ ಬುಡದಿಂದ ಉಬ್ಬಿಗೆ, ಉಬ್ಬಿನಿಂದ ಮೂಗಿನ ಪಕ್ಕಕ್ಕೆ. ಅರ್ಧದಲ್ಲಿ ನಿಂತಿತು. ಇನ್ನೊಂದು ಕೈ ತಾನಾಗಿ ಮೇಲಕ್ಕೆ ಹೋಗಿ ಎಡಗೆನ್ನೆಯನ್ನು ಮುಚ್ಚಿತು. ಫೋನನ್ನು ನೆಲ ಒರೆಸುವಾಕೆಗೆ ಹಿಂದಿರುಗಿಸಿದರು. ನನ್ನನ್ನು ನೋಡಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಫೋನ್ ಮಾಡಿ, ಸಿಕ್ಕಿದರಲ್ಲ, ಒಳ್ಳೆಯದಾಯಿತು ಎಂದರು. ಹಾಗೆಯೇ ಒಂದು ಮಾತು ಸೇರಿಸಿದರು: "ಈ ಕಾಯಿಲೆಯೋರು ಒಂದ್ಸಲ ಹೋದರೆ ಮತ್ತೂ ಹೋಗ್ತಾರಮ್ಮಾ. ಈಗಲೇ ಮುಖ ಪೂರ್ತಿ ಕಾಣೋ ಹಾಗೆ ಒಂದು ಫೋಟೋ ತೆಗೆದಿಟ್ಕೊಳ್ಳಿ. ಮುಂದಿನ ಸಲ ಇಷ್ಟು ಹೊತ್ತು ಸಿಗಲ್ಲ."

ಅವರ ಮಾತು ಸರಿ. ಒಂದು ಸಲ ಸಿಕ್ಕರು, ದೇವರು ದೊಡ್ಡವನು. ಎರಡನೆಯ ಸಲಕ್ಕೆ ದೇವರನ್ನೇ ನಂಬಿ ಕೂರಲು ನನಗೆ ಧೈರ್ಯವಿರಲಿಲ್ಲ. ಅಪ್ಪನ ಮುಂದೆ ನೆಲದ ಮೇಲೆ ಮೊಣಕಾಲೂರಿ ಕೂತೆ. ಕೇಳುವ ಕಿವಿಯ ಹತ್ತಿರ ಬಾಗಿದೆ.

"ಅಪ್ಪಾ, ಒಂದೇ ಒಂದು ಫೋಟೋ. ಕೈ ತೆಗೆದು ಈ ಕಡೆ ನೋಡಿ. ಯಾರಿಗೂ ತೋರಿಸಲ್ಲ, ಗೋಡೆಗೆ ಹಾಕಲ್ಲ. ನೀವು ಮತ್ತೆ ದಾರಿ ತಪ್ಪಿದರೆ ಹುಡುಕೋದಕ್ಕೆ, ಅಷ್ಟೇ."

"ದಾರಿ ಯಾರು ತಪ್ಪಿದ್ರು?"

"ಆಯ್ತು, ನೀವು ತಪ್ಪಲಿಲ್ಲ. ನಾನು ತಪ್ಪಿದರೆ ಅಂದ್ಕೊಳ್ಳಿ. ನನಗೆ ನಿಮ್ಮ ಮುಖ ಮರೆತುಹೋಗಿತ್ತು ಅಪ್ಪಾ, ಇವತ್ತು ಮಧ್ಯಾಹ್ನ. ಎಷ್ಟು ಹೊತ್ತು ಕೂತರೂ ಬರಲಿಲ್ಲ. ಅದಕ್ಕಾದರೂ."

ಫೋನ್ ಎತ್ತಿ ಹಿಡಿದೆ. ಪರದೆಯ ಮೇಲೆ ಅವರ ಹಣೆ ಬಂತು, ಇಳಿದ ರೆಪ್ಪೆ ಬಂತು, ಕೆನ್ನೆಯ ಮೇಲಿನ ಐದು ಬೆರಳು ಬಂತು. ನಿಲ್ದಾಣದೊಳಗೆ ಒಂದು ಬಸ್ಸು ಬಂದು ನಿಂತಿತು. ಜನ ಇಳಿದು ನಮ್ಮನ್ನು ಸುತ್ತಿಕೊಂಡು ಹೋದರು. ಅಣ್ಣ ಮೆಲ್ಲಗೆ ಬಂದು ಆ ಬೆರಳುಗಳನ್ನು ಬಿಡಿಸಲು ಕೈ ಚಾಚಿದ. ನಾನು ತಲೆಯಾಡಿಸಿ ತಡೆದೆ.

ಅಪ್ಪ ನನ್ನನ್ನು ನೇರವಾಗಿ ನೋಡಿದರು. ಆ ನೋಟದಲ್ಲಿ ಮರೆವು ಇರಲಿಲ್ಲ.

"ಆಗೋದಿಲ್ಲ," ಎಂದರು.